ಕೋಳಿ ಕೊಟ್ಟದ್ದಾಯಿತು, ಆಮೇಲೆ?

ಬಡತನ ಇಳಿಸುವ ಯೋಜನೆಗಳ ಉಸ್ತುವಾರಿ ಮತ್ತು ಮೌಲ್ಯಮಾಪನದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಏಳನ್ನು ಆರಿಸಿ ಈ ಸಲ ಉತ್ತರಿಸಿದ್ದೇವೆ. ಹೆಸರು ಬೇಡ ಎಂದವರೇ ಹೆಚ್ಚಾದ್ದರಿಂದ ಎಲ್ಲರ ಊರನ್ನಷ್ಟೇ ಹಾಕಿದ್ದೇವೆ.

ಪ್ರಶ್ನೆ: ನಮ್ಮ ಸಂಸ್ಥೆ ಬಡ ಹೆಣ್ಣುಮಕ್ಕಳಿಗೆ ಕುರಿ, ಮೇಕೆ ಕೊಡುತ್ತದೆ. ಎಷ್ಟು ಹಂಚಿದೆವು, ಎಷ್ಟು ತರಬೇತಿ ನಡೆಸಿದೆವು ಎಂದು ತಿಂಗಳು ತಿಂಗಳೂ ವರದಿ ಹೋಗುತ್ತದೆ. ಈಗ ದುಡ್ಡು ಕೊಡುವವರು ‘ಇದು ಉಸ್ತುವಾರಿ, ಮೌಲ್ಯಮಾಪನ ಎಲ್ಲಿ?’ ಅನ್ನುತ್ತಿದ್ದಾರೆ. ಎರಡೂ ಒಂದೇ ಅಲ್ಲವೇ? (ರಾಯಚೂರು)

ಒಂದೇ ಅಲ್ಲ. ನೀವು ಕಳಿಸುತ್ತಿರುವುದು ಪೂರ್ತಿ ಉಸ್ತುವಾರಿಯೂ ಅಲ್ಲ. ಹಂಚಿದ್ದರ ಲೆಕ್ಕ ಬರೀ ಗೋದಾಮಿನ ಲೆಕ್ಕ. ಕೊಟ್ಟದ್ದು ಈಗ ಯಾವ ಸ್ಥಿತಿಯಲ್ಲಿದೆ ಎಂದು ಆಗಾಗ ನೋಡಿ, ಯೋಜನೆ ನಡೆಯುತ್ತಿರುವಾಗಲೇ ತಪ್ಪು ತಿದ್ದುವುದು ಉಸ್ತುವಾರಿ. ಈ ಯೋಜನೆ ಬರದೇ ಇದ್ದಿದ್ದರೆ ಇವರ ಬದುಕು ಹೇಗಿರುತ್ತಿತ್ತು, ಅದಕ್ಕೂ ಈಗಿನದಕ್ಕೂ ಅಂತರ ಎಷ್ಟು ಎಂದು ಕೇಳುವುದು ಮೌಲ್ಯಮಾಪನ.

ನಿಮ್ಮದೇ ಬಗೆಯ ಯೋಜನೆಯ ಉದಾಹರಣೆ ಇದೆ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಕಡುಬಡವರಿಗಾಗಿ ಒಂದು ಕಾರ್ಯಕ್ರಮ ಶುರು ಮಾಡಿತು. ಜಾನುವಾರೋ ಸಣ್ಣ ವ್ಯಾಪಾರದ ಸರಕೋ ಕೊಡುವುದು, ಅದು ಫಲ ಕೊಡುವ ತನಕ ಊಟಕ್ಕೆ ಸ್ವಲ್ಪ ಹಣ, ತರಬೇತಿ, ಉಳಿತಾಯದ ಅಭ್ಯಾಸ, ಮನೆಗೆ ಬಂದು ವಿಚಾರಿಸುವ ಕಾರ್ಯಕರ್ತರು, ಹೀಗೆ ಎರಡು ವರ್ಷ. ಇದನ್ನೇ ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರುಗಳಲ್ಲಿ ಸುಮಾರು 10,500 ಕುಟುಂಬಗಳನ್ನಿಟ್ಟುಕೊಂಡು ಪರೀಕ್ಷಿಸಿದರು. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ಮುಗಿದು ಒಂದು ವರ್ಷವಾದ ಮೇಲೂ, ಆರೂ ದೇಶಗಳನ್ನು ಒಟ್ಟಿಗೆ ನೋಡಿದರೆ, ಊಟ, ಆಸ್ತಿ, ಆದಾಯ ಮೇಲಿದ್ದವು. ಹೊಂಡುರಾಸ್‌ನಲ್ಲಿ ಮಾತ್ರ ಹಾಕಿದ ಹಣವೂ ಹುಟ್ಟಲಿಲ್ಲ. ಅಲ್ಲಿ ಹೆಚ್ಚಿನವರಿಗೆ ಕೋಳಿ ಕೊಟ್ಟಿದ್ದರು, ಅವುಗಳಲ್ಲಿ ಬಹುಪಾಲು ರೋಗ ಬಂದು ಸತ್ತವು. ಹಂಚಿಕೆಯ ವರದಿಯನ್ನಷ್ಟೇ ಓದಿದ್ದರೆ ಹೊಂಡುರಾಸ್ ಕೂಡ ಗೆದ್ದ ದೇಶವೇ.

ನೀವು ಇಂದೇ ಮಾಡಬಹುದಾದದ್ದು ಪ್ರತಿ ಮೇಕೆಗೆ ಒಂದು ಸಾಲಿನ ರಿಜಿಸ್ಟರು. ಕಿವಿಯ ಓಲೆ ನಂಬರು, ಕೊಟ್ಟ ದಿನ, ಪಿಪಿಆರ್ (ಕುರಿ, ಮೇಕೆಗೆ ಬರುವ ಅಂಟುರೋಗ) ಮತ್ತು ಕರುಳುಬೇನೆ ಲಸಿಕೆ ಹಾಕಿಸಿದ ದಿನ, ಮರಿ ಎಷ್ಟು, ಬದುಕಿದೆಯೋ ಸತ್ತಿತೋ ಮಾರಿದರೋ, ಮಾರಿದ್ದರೆ ಯಾಕೆ. ಮೊದಲ ಮೂರು ತಿಂಗಳು 15 ದಿನಕ್ಕೊಮ್ಮೆ ನೋಡಿ, ಆಮೇಲೆ ತಿಂಗಳಿಗೊಮ್ಮೆ ಸಾಕು. ಒಂದು ಗೆರೆಯನ್ನೂ ಮೊದಲೇ ಎಳೆದಿಡಿ: ಒಂದು ಹಳ್ಳಿಯಲ್ಲಿ ನೂರಕ್ಕೆ ಹತ್ತು ಸತ್ತರೆ ಅಲ್ಲಿ ಹಂಚಿಕೆ ನಿಲ್ಲಬೇಕು, ಪಶುವೈದ್ಯರು ಬರಬೇಕು. ಗೆರೆ ಇಲ್ಲದಿದ್ದರೆ ಸಾವಿನ ಅಂಕಿ ವರದಿಯ ಹನ್ನೆರಡನೇ ಪುಟದಲ್ಲಿ ತಣ್ಣಗೆ ಕುಳಿತಿರುತ್ತದೆ.

ಪ್ರಶ್ನೆ: ಫಲಾನುಭವಿಗಳ ತಿಂಗಳ ಆದಾಯ ಮೂರು ವರ್ಷದಲ್ಲಿ ಶೇ 40ರಷ್ಟು ಏರಿದೆ. ಮೊದಲು, ಆಮೇಲೆ ಎರಡೂ ಸರ್ವೆ ನಾವೇ ಮಾಡಿದ್ದೇವೆ. ಇಷ್ಟು ಸಾಲದೇ? (ಧಾರವಾಡ)

ಸಾಲದು. ಆ ಮೂರು ವರ್ಷದಲ್ಲಿ ನಿಮ್ಮ ಯೋಜನೆಯೊಂದೇ ನಡೆದದ್ದಲ್ಲ. ಮಳೆ ಬಂದಿರಬಹುದು, ಕೂಲಿ ಏರಿರಬಹುದು, ರಸ್ತೆ ಆಗಿರಬಹುದು, ಬೆಲೆಗಳೂ ಏರಿವೆ.

ಇಲ್ಲಿ ದೊಡ್ಡವರೇ ಎಡವಿದ್ದಾರೆ. ಅರ್ಥಶಾಸ್ತ್ರಜ್ಞ ಜೆಫ್ರಿ ಸ್ಯಾಕ್ಸ್ ಅವರ ಮುಂದಾಳತ್ವದಲ್ಲಿ ಆಫ್ರಿಕಾದ ಹತ್ತು ದೇಶಗಳಲ್ಲಿ ‘ಮಿಲೆನಿಯಂ ಗ್ರಾಮ’ಗಳ ಯೋಜನೆ ನಡೆಯಿತು. ಗೊಬ್ಬರ, ಸೊಳ್ಳೆ ಪರದೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಒಟ್ಟಿಗೆ ಒಂದೇ ಹಳ್ಳಿಗೆ ಕೊಡುವ ಪ್ರಯೋಗ ಅದು. ಕೀನ್ಯಾದ ಸೌರಿ ಹಳ್ಳಿಯಲ್ಲಿ ಮೊಬೈಲ್ ಫೋನ್ ಇರುವ ಮನೆಗಳು ಕೆಲವೇ ವರ್ಷಗಳಲ್ಲಿ ಹಲವು ಪಟ್ಟಾದವು. ಮೈಕಲ್ ಕ್ಲೆಮೆನ್ಸ್ ಮತ್ತು ಗೇಬ್ರಿಯಲ್ ಡೆಮೊಂಬೈನ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅದೇ ಕಾಲದ ಕೀನ್ಯಾದ ಅಂಕಿಗಳನ್ನು ಪಕ್ಕಕ್ಕಿಟ್ಟು ನೋಡಿದರೆ, ಯೋಜನೆ ಕಾಲಿಡದ ಊರುಗಳಲ್ಲೂ ಫೋನು ಹಾಗೆಯೇ ಹಬ್ಬಿತ್ತು. 2012ರಲ್ಲಿ ಅದೇ ಯೋಜನೆಯವರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ, ತಮ್ಮ ಹಳ್ಳಿಗಳಲ್ಲಿ ಮಕ್ಕಳ ಸಾವು ದೇಶದ ಉಳಿದೆಡೆಗಿಂತ ಮೂರು ಪಟ್ಟು ವೇಗದಲ್ಲಿ ಇಳಿದಿದೆ ಎಂದು ಬರೆದರು. ಹೋಲಿಕೆಗೆ ತೆಗೆದುಕೊಂಡ ರಾಷ್ಟ್ರೀಯ ವೇಗ ಬೇರೆ ಕಾಲಾವಧಿಯದಾಗಿತ್ತು. ಯೋಜನೆ ನಡೆದ ವರ್ಷಗಳಲ್ಲಿ ಆ ದೇಶಗಳಲ್ಲೇ ಇಳಿಕೆ ಚುರುಕಾಗಿತ್ತು. ಆ ಮಾತನ್ನು ಅವರು ಹಿಂತೆಗೆದುಕೊಳ್ಳಬೇಕಾಯಿತು.

ನಿಮ್ಮ ಲೆಕ್ಕ ಹೀಗೆ ಮಾಡಿ. ನಿಮ್ಮ ಹಳ್ಳಿಗಳಲ್ಲಿ ತಿಂಗಳ ಆದಾಯ 5,000 ರೂಪಾಯಿಯಿಂದ 7,000ಕ್ಕೆ ಏರಿತು ಎನ್ನೋಣ. ನೀವು ಹೋಗದ, ಆದರೆ ಅಂಥದ್ದೇ ಹಳ್ಳಿಗಳಲ್ಲಿ 5,200 ಇದ್ದದ್ದು 6,800 ಆಯಿತು. ನಿಮ್ಮಲ್ಲಿ ಏರಿಕೆ 2,000, ಅಲ್ಲಿ 1,600. ಯೋಜನೆಯ ಪಾಲು 400 ರೂಪಾಯಿ ಮಾತ್ರ. ಶೇ 40 ಎಂದದ್ದು ಶೇ 8ಕ್ಕೆ ಇಳಿಯಿತು. ಈ ಲೆಕ್ಕವನ್ನೂ ನಂಬಬೇಕಾದರೆ ಎರಡೂ ಕಡೆಯ ಹಳ್ಳಿಗಳು ಯೋಜನೆಗೆ ಮೊದಲೂ ಒಂದೇ ವೇಗದಲ್ಲಿ ಸಾಗುತ್ತಿದ್ದವು ಎಂದು ತೋರಿಸಬೇಕು. ಜೀಪು ಹೋಗುವ ಊರುಗಳನ್ನು ಯೋಜನೆಗೆ ಆರಿಸಿ, ಜೀಪು ಹೋಗದ ಊರುಗಳನ್ನು ಹೋಲಿಕೆಗೆ ಇಟ್ಟುಕೊಂಡಿದ್ದರೆ ಆ 400 ಕೂಡ ರಸ್ತೆಯದೇ ಇರಬಹುದು.

ಪ್ರಶ್ನೆ: ಎಷ್ಟು ಮನೆ ಸರ್ವೆ ಮಾಡಿದರೆ ಸಾಕು? ‘ಶೇ 10 ಮಾಡಿ’ ಎಂದು ಒಬ್ಬರು ಹೇಳಿದರು. (ತುಮಕೂರು)

ಶೇ 10 ಎನ್ನುವುದು ಎಲ್ಲಿಂದ ಹುಟ್ಟಿತೋ, ಎಲ್ಲ ಕಚೇರಿಗಳಲ್ಲೂ ಇದೆ. ಅದನ್ನು ಮರೆಯಿರಿ. ಎಷ್ಟು ಸಣ್ಣ ಬದಲಾವಣೆಯನ್ನು ಹಿಡಿಯಬೇಕು, ಒಂದೇ ಹಳ್ಳಿಯ ಮನೆಗಳು ಪರಸ್ಪರ ಎಷ್ಟು ಹೋಲುತ್ತವೆ ಎಂಬುದರ ಮೇಲೆ ಸಂಖ್ಯೆ ನಿಲ್ಲುತ್ತದೆ.

ಬಡ ಕುಟುಂಬಗಳ ಪ್ರಮಾಣ ಶೇ 50ರಿಂದ 40ಕ್ಕೆ ಇಳಿಯುವುದನ್ನು ಹಿಡಿಯಬೇಕು ಎನ್ನಿ. ವಾಡಿಕೆಯಂತೆ ತಪ್ಪಿಗೆ (ಇಲ್ಲದ ಪರಿಣಾಮವನ್ನು ಇದೆ ಎಂದುಬಿಡುವುದಕ್ಕೆ) ಶೇ 5ರ ಅವಕಾಶ, ನಿಜವಾದ ಪರಿಣಾಮ ಕಣ್ಣಿಗೆ ಬೀಳುವ ಸಾಧ್ಯತೆ ಶೇ 80 ಇಟ್ಟುಕೊಂಡರೆ ಯೋಜನೆಯ ಗುಂಪಿನಲ್ಲಿ 385, ಹೋಲಿಕೆಯ ಗುಂಪಿನಲ್ಲಿ 385 ಮನೆ ಬೇಕು. ಇದು ಮನೆಗಳನ್ನು ಒಂದೊಂದಾಗಿ ಬಿಡಿಬಿಡಿಯಾಗಿ ಆರಿಸಿದರೆ. ನೀವು ಹಳ್ಳಿ ಆರಿಸಿ ಅದರೊಳಗೆ ಮನೆ ಆರಿಸುತ್ತೀರಿ. ಒಂದೇ ಹಳ್ಳಿಯವರಿಗೆ ಮಳೆ ಒಂದೇ, ಸಂತೆ ಒಂದೇ. ಹಾಗಾಗಿ ಇಪ್ಪತ್ತನೇ ಮನೆ ಹೊಸದೇನನ್ನೂ ಅಷ್ಟಾಗಿ ಹೇಳುವುದಿಲ್ಲ. ಒಂದೇ ಹಳ್ಳಿಯ ಮನೆಗಳು ಪರಸ್ಪರ ಹೋಲುವ ಅಳತೆ (ಸೊನ್ನೆ ಎಂದರೆ ಹೋಲುವುದೇ ಇಲ್ಲ, ಒಂದು ಎಂದರೆ ಎಲ್ಲವೂ ಒಂದೇ) 0.05 ಇದ್ದು, ಹಳ್ಳಿಗೆ 20 ಮನೆ ಮಾಡಿದರೆ 385ನ್ನು 1.95ರಿಂದ ಗುಣಿಸಬೇಕು (ಇಪ್ಪತ್ತರಲ್ಲಿ ಒಂದು ಕಳೆದು, 0.05ರಿಂದ ಗುಣಿಸಿ, ಒಂದು ಕೂಡಿಸಿದರೆ 1.95). ಗುಂಪಿಗೆ 751 ಮನೆ, ಅಂದರೆ 38 ಹಳ್ಳಿ ಆಯಿತು. ಹಳ್ಳಿಗೆ 10 ಮನೆ ಮಾತ್ರ ಮಾಡಿದರೆ ಗುಣಕ 1.45ಕ್ಕೆ ಇಳಿಯುತ್ತದೆ, 56 ಹಳ್ಳಿಯಲ್ಲಿ 560 ಮನೆ ಸಾಕು. ಹಳ್ಳಿ ಹೆಚ್ಚಾದಷ್ಟೂ ಓಡಾಟದ ಖರ್ಚು ಹೆಚ್ಚು, ಮನೆ ಹೆಚ್ಚಾದಷ್ಟೂ ದಿನಗೂಲಿ ಹೆಚ್ಚು. ಎರಡನ್ನೂ ರೂಪಾಯಿಯಲ್ಲಿ ಬರೆದು ನೋಡಿ ತೀರ್ಮಾನಿಸಿ. ಎರಡನೇ ಸುತ್ತಿಗೆ ಶೇ 10 ಕುಟುಂಬ ಗುಳೆ ಹೋಗಿರುತ್ತವೆ ಎಂದು ಅಂದಾಜಿಸಿದರೆ ಬಂದ ಸಂಖ್ಯೆಯನ್ನು 0.9ರಿಂದ ಭಾಗಿಸಿ.

ಎರಡೇ ಹಳ್ಳಿ, ಒಂದು ನಮ್ಮದು, ಒಂದು ಹೋಲಿಕೆಗೆ ಎನ್ನುವವರು ತಲಾ ಸಾವಿರ ಮನೆ ಮಾಡಿದರೂ ಕೊನೆಗೆ ಉಳಿಯುವುದು ಎರಡು ಊರುಗಳ ಹೋಲಿಕೆ ಅಷ್ಟೇ.

ಪ್ರಶ್ನೆ: ಹೋಲಿಕೆಗೆಂದು ಚೀಟಿ ಎತ್ತಿ ಕೆಲವು ಬಡವರಿಗೆ ಕೊಟ್ಟು ಕೆಲವರಿಗೆ ಕೊಡದಿರುವುದು ಅನ್ಯಾಯವಲ್ಲವೇ? (ಶಿವಮೊಗ್ಗ)

ಎಲ್ಲರಿಗೂ ಕೊಡುವಷ್ಟು ದುಡ್ಡು ಕೈಯಲ್ಲಿದ್ದೂ ಕೊಡದಿದ್ದರೆ ಅನ್ಯಾಯವೇ. ಸಾಮಾನ್ಯವಾಗಿ ಅಷ್ಟು ಇರುವುದಿಲ್ಲ. ಆಗ ಯಾರಿಗೆ ಮೊದಲು ಎಂಬುದನ್ನು ಯಾರೋ ತೀರ್ಮಾನಿಸಲೇಬೇಕು. ಮೆಕ್ಸಿಕೊ 1997ರಲ್ಲಿ ಪ್ರೊಗ್ರೆಸಾ ಶುರು ಮಾಡಿದಾಗ (ಮಕ್ಕಳು ಶಾಲೆಗೆ ಹೋದರೆ, ಆರೋಗ್ಯ ತಪಾಸಣೆ ಮಾಡಿಸಿದರೆ ತಾಯಿಯ ಕೈಗೆ ಹಣ) ದೇಶದ ಎಲ್ಲ ಹಳ್ಳಿಗೂ ಒಂದೇ ಸಲ ಹೋಗುವುದು ಆಗದ ಮಾತಾಗಿತ್ತು. ಮೌಲ್ಯಮಾಪನಕ್ಕೆ ಆರಿಸಿದ 506 ಹಳ್ಳಿಗಳಲ್ಲಿ 320ಕ್ಕೆ ಮೊದಲು, 186ಕ್ಕೆ ಸುಮಾರು ಒಂದೂವರೆ ವರ್ಷ ತಡವಾಗಿ ಎಂದು ಚೀಟಿಯಲ್ಲೇ ತೀರ್ಮಾನಿಸಿದರು. ಯಾರಿಗೂ ಕೊನೆಯತನಕ ತಪ್ಪಲಿಲ್ಲ. ಕಾದ ಹಳ್ಳಿಗಳೇ ಹೋಲಿಕೆಯ ಹಳ್ಳಿಗಳಾದವು. ಹೈಸ್ಕೂಲಿಗೆ ಸೇರುವವರ ಸಂಖ್ಯೆ ಏರಿತು, ಹೆಣ್ಣುಮಕ್ಕಳಲ್ಲಿ ಹೆಚ್ಚು ಏರಿತು. 2000ದಲ್ಲಿ ಆಳುವ ಪಕ್ಷವೇ ಬದಲಾದರೂ ಯೋಜನೆ ಉಳಿಯಿತು, 2002ರಲ್ಲಿ ಹೆಸರಷ್ಟೇ ಬದಲಾಯಿತು. ಅದು ಉಳಿಯಲು ಕೈಯಲ್ಲಿದ್ದ ಈ ಪುರಾವೆಯೂ ಒಂದು ಕಾರಣ.

ಚೀಟಿ ಎತ್ತುವುದಾದರೆ ಊರಿನ ಚಾವಡಿಯಲ್ಲಿ, ಎಲ್ಲರ ಎದುರು ಎತ್ತಿ. ಕಚೇರಿಯ ಕಂಪ್ಯೂಟರಿನಲ್ಲಿ ಎತ್ತಿದ ಚೀಟಿಯನ್ನು ಯಾರೂ ನಂಬುವುದಿಲ್ಲ.

ಪ್ರಶ್ನೆ: ಇಲ್ಲಿಯ ಹಳ್ಳಿಗಳಲ್ಲಿ ಯೋಜನೆಯೊಂದರ ಸಮೀಕ್ಷೆ ನೋಡಿಕೊಳ್ಳುತ್ತಿದ್ದೇನೆ. ಎರಡು ಸುತ್ತಿನ ನಡುವೆ ಊಟದ ಖರ್ಚು ಕುಸಿದಂತೆ ಕಾಣುತ್ತಿದೆ, ಜನ ಮಾತ್ರ ಚೆನ್ನಾಗಿದ್ದೇವೆ ಅನ್ನುತ್ತಾರೆ. ಎಲ್ಲಿ ತಪ್ಪಿರಬಹುದು? (ಲಿಲಾಂಗ್ವೆ, ಮಲಾವಿ)

ಮೊದಲು ತಿಂಗಳು ನೋಡಿ. ಮಲಾವಿಯಲ್ಲಿ ಮೆಕ್ಕೆಜೋಳದ ಸುಗ್ಗಿ ಏಪ್ರಿಲ್‌ನಿಂದ ಜೂನ್. ಡಿಸೆಂಬರ್‌ನಿಂದ ಮಾರ್ಚ್ ತನಕ ಕಣಜ ಖಾಲಿ. ಮೊದಲ ಸುತ್ತು ಜುಲೈನಲ್ಲಿ, ಎರಡನೆಯದು ಫೆಬ್ರುವರಿಯಲ್ಲಿ ಆಗಿದ್ದರೆ ನೀವು ಅಳೆದದ್ದು ಋತುವನ್ನು. ಅದೇ ತಿಂಗಳಿಗೆ ಮತ್ತೆ ಹೋಗುವುದೇ ಪರಿಹಾರ.

ತಿಂಗಳು ಸರಿಯಿದ್ದರೆ ಪ್ರಶ್ನಾವಳಿ ಬದಲಾಗಿದೆಯೇ ನೋಡಿ. ‘ಕಳೆದ 7 ದಿನದಲ್ಲಿ ಎಷ್ಟು ತಿಂದಿರಿ’ ಎಂದು ಕೇಳುವುದಕ್ಕೂ ‘ಕಳೆದ 30 ದಿನದಲ್ಲಿ’ ಎಂದು ಕೇಳುವುದಕ್ಕೂ ಅಜಗಜಾಂತರ. ಮೂವತ್ತು ದಿನದ ಹಿಂದಿನ ಮೊಟ್ಟೆ, ಬೀಡಿ, ಬೋಂಡ ಯಾರಿಗೂ ನೆನಪಿರುವುದಿಲ್ಲ. ಭಾರತದಲ್ಲಿ ಇದು ದೊಡ್ಡ ಜಗಳವೇ ಆಯಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರು 1990ರ ದಶಕದಲ್ಲಿ ಬೇರೆ ಬೇರೆ ಮನೆಗಳಿಗೆ ಬೇರೆ ಬೇರೆ ಅವಧಿಯ ಫಾರಂ ಹಿಡಿದು ಹೋಗಿ ಪರೀಕ್ಷಿಸಿದ್ದರು. ಊಟಕ್ಕೆ 7 ದಿನದ ಲೆಕ್ಕ ಕೇಳಿದಲ್ಲಿ ಬಡವರ ಪ್ರಮಾಣ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಆಮೇಲೆ 1999-2000ದ ಸುತ್ತಿನಲ್ಲಿ ಒಂದೇ ಮನೆಗೆ, ಒಂದೇ ಹಾಳೆಯಲ್ಲಿ, ಎರಡೂ ಅವಧಿಯ ಕಲಂ ಅಕ್ಕಪಕ್ಕ ಇಟ್ಟರು. ವಾರದ ಲೆಕ್ಕ ಹೇಳಿದವರು ತಿಂಗಳಿನದನ್ನೂ ಅದಕ್ಕೆ ಹೊಂದಿಸಿ ಹೇಳಿಬಿಡುತ್ತಾರೆ ಎಂಬ ಆಕ್ಷೇಪ ಬಂತು. 1993-94ರಲ್ಲಿ ಸುಮಾರು ಶೇ 36 ಇದ್ದ ಅಧಿಕೃತ ಬಡತನ ಶೇ 26ಕ್ಕೆ ಇಳಿಯಿತು ಎಂಬ ಅಂಕಿಯನ್ನು ಹಾಗೆಯೇ ಪಕ್ಕಪಕ್ಕ ಇಡಲು ಆಗದೆ, ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಮೊದಲಾದವರು ಅದನ್ನು ಸರಿಪಡಿಸಲು ವರ್ಷಗಟ್ಟಲೆ ಕೂತರು.

ಪಟ್ಟಿಯ ಉದ್ದವೂ ಹಾಗೆಯೇ. ‘ತರಕಾರಿ’ ಎಂದು ಒಂದೇ ಸಾಲು ಕೇಳಿದರೆ ಕಡಿಮೆ ಬರುತ್ತದೆ. ಬದನೆ, ಟೊಮೆಟೊ, ಸೊಪ್ಪು ಎಂದು ಬಿಡಿಸಿ ಕೇಳಿದರೆ ಹೆಚ್ಚು ಬರುತ್ತದೆ. ಎರಡನೇ ಸುತ್ತಿಗೆ ‘ಫಾರಂ ಸ್ವಲ್ಪ ಚಿಕ್ಕದು ಮಾಡೋಣ’ ಎಂದು ಯಾರಾದರೂ ಸಾಲು ಕಡಿದಿದ್ದರೆ ನಿಮ್ಮ ಕುಸಿತಕ್ಕೆ ಅದೇ ಕಾರಣವಿರಬಹುದು.

ಕೊನೆಯದಾಗಿ ಅಳತೆ. ಬಕೆಟ್ಟು, ಬೋಗುಣಿ, ಗುಡ್ಡೆ ಎಂದು ಜನ ಹೇಳುತ್ತಾರೆ, ನಮ್ಮಲ್ಲಿ ಸೇರು, ಪಾವು, ಹಿಡಿ ಎನ್ನುವಂತೆ. ಪ್ರತಿ ಸಂತೆಯಲ್ಲೂ ಒಂದು ಬಕೆಟ್ಟನ್ನು ತಕ್ಕಡಿಯಲ್ಲಿ ತೂಗಿ ಕಿಲೋ ಬರೆದುಕೊಳ್ಳಿ. ಊರಿಂದ ಊರಿಗೆ ಬಕೆಟ್ಟು ಬೇರೆ. ‘ಕುಟುಂಬ’ ಎಂದರೆ ಯಾರು ಎಂಬುದನ್ನೂ ಎರಡೂ ಸುತ್ತಿನಲ್ಲಿ ಒಂದೇ ವಾಕ್ಯದಲ್ಲಿ ಕೇಳಿರಬೇಕು: ಒಂದೇ ಒಲೆಯಲ್ಲಿ ಉಣ್ಣುವವರು, ಕಳೆದ ಇಷ್ಟು ತಿಂಗಳು ಇಲ್ಲೇ ಇದ್ದವರು. ಒಂದು ಸುತ್ತಿನಲ್ಲಿ ಪಟ್ಟಣಕ್ಕೆ ದುಡಿಯಲು ಹೋದ ಮಗನನ್ನು ಸೇರಿಸಿ, ಇನ್ನೊಂದರಲ್ಲಿ ಬಿಟ್ಟರೆ ತಲಾ ಖರ್ಚು ತಾನಾಗಿಯೇ ಏರುಪೇರಾಗುತ್ತದೆ.

ಪ್ರಶ್ನೆ: ಊಟದ ಖರ್ಚಿನ ತಲೆನೋವು ಬೇಡವೆಂದು ಬಹು ಆಯಾಮದ ಬಡತನ ಸೂಚ್ಯಂಕ ಬಳಸಬಹುದೇ? (ಮೈಸೂರು)

ಜಿಲ್ಲೆಗೆ, ದೇಶಕ್ಕೆ ಚೆನ್ನಾದ ಅಳತೆಗೋಲು. ಶೌಚಾಲಯ, ಮನೆ, ಸೋಲಾರ್ ದೀಪ ಕೊಡುವ ಯೋಜನೆಗೆ ಮಾತ್ರ ಮೋಸದ ಅಳತೆಗೋಲು. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಆಕ್ಸ್‌ಫರ್ಡ್‌ನವರು 2010ರಲ್ಲಿ ತಂದ ಜಾಗತಿಕ ಸೂಚ್ಯಂಕದಲ್ಲಿ 10 ಸೂಚಕಗಳಿವೆ. ಪೋಷಣೆ, ಮಕ್ಕಳ ಸಾವು, ಓದಿದ ವರ್ಷ, ಶಾಲೆಗೆ ಹೋಗುವುದು, ಈ ನಾಲ್ಕಕ್ಕೆ ತಲಾ ಹದಿನೆಂಟರಲ್ಲಿ ಮೂರು ಅಂಕ. ಉರುವಲು, ಶೌಚಾಲಯ, ನೀರು, ವಿದ್ಯುತ್, ಮನೆ, ಸಾಮಾನು, ಈ ಆರಕ್ಕೆ ತಲಾ ಒಂದು. ಕೊರತೆ ಆರು ಅಂಕ ಮುಟ್ಟಿದರೆ ಬಡ ಕುಟುಂಬ. ಒಂದು ಮನೆಯಲ್ಲಿ ಮಗು ಅಪೌಷ್ಟಿಕ (3), ಸೌದೆ ಒಲೆ (1), ಶೌಚಾಲಯ ಇಲ್ಲ (1), ಮಣ್ಣಿನ ನೆಲ (1) ಎನ್ನಿ. ಒಟ್ಟು ಆರು, ಬಡವರು. ನೀವು ಶೌಚಾಲಯ ಕಟ್ಟಿಸಿದಿರಿ, ಐದಕ್ಕೆ ಇಳಿಯಿತು. ಕಾಗದದಲ್ಲಿ ಬಡತನ ನೀಗಿತು, ಮಗುವಿನ ತೋಳು ಇನ್ನೂ ಕಡ್ಡಿಯೇ. ನೀವೇ ಹಂಚುವ ವಸ್ತುವನ್ನು ನಿಮ್ಮ ಗೆಲುವಿನ ಸೂಚಕ ಮಾಡಿಕೊಳ್ಳಬೇಡಿ.

ಇದೇ ಪತ್ರದಲ್ಲಿ ವಿಶ್ವಬ್ಯಾಂಕಿನ ಡಾಲರ್ ಗೆರೆಯ (ಒಬ್ಬರಿಗೆ ದಿನಕ್ಕೆ ಇಷ್ಟು ಡಾಲರಿಗಿಂತ ಕಡಿಮೆಯಾದರೆ ಕಡುಬಡವರು ಎನ್ನುವ ಗೆರೆ) ಬಗ್ಗೆಯೂ ಕೇಳಿದ್ದೀರಿ. ಅದು 2022ರಲ್ಲಿ 1.90ರಿಂದ 2.15ಕ್ಕೆ, 2025ರ ಜೂನ್‌ನಲ್ಲಿ 3 ಡಾಲರಿಗೆ ಬದಲಾಯಿತು. ಬೆಲೆಗಳ ಆಧಾರ ವರ್ಷವೂ ಜೊತೆಗೇ ಬದಲಾಗಿದೆ. ಯೋಜನೆಯ ನಡುವೆ ಗೆರೆ ಬದಲಾದರೆ ಹಳೆಯ ಸುತ್ತಿನ ಲೆಕ್ಕವನ್ನೂ ಹೊಸ ಗೆರೆಯಲ್ಲಿ ಮತ್ತೆ ಹಾಕಿ. 3 ಡಾಲರನ್ನು ಬ್ಯಾಂಕಿನ ವಿನಿಮಯ ದರದಿಂದ ರೂಪಾಯಿ ಮಾಡಬೇಡಿ. ಅದು ಕೊಳ್ಳುವ ಶಕ್ತಿಯ ಡಾಲರ್ (ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟನ್ನು ಇಲ್ಲಿ ಕೊಳ್ಳಲು ಎಷ್ಟು ಬೇಕು ಎಂಬ ಲೆಕ್ಕ), ರೂಪಾಯಿಯಲ್ಲಿ ಅದಕ್ಕಿಂತ ತುಂಬಾ ಕಡಿಮೆ ಬರುತ್ತದೆ.

ಪ್ರಶ್ನೆ: ಗೃಹಲಕ್ಷ್ಮಿಯಿಂದ ಬಡತನ ಇಳಿಯಿತೇ ಎಂದು ಯಾರಾದರೂ ಅಳೆಯಬಹುದೇ? ಎಲ್ಲರಿಗೂ ಕೊಟ್ಟ ಮೇಲೆ ಹೋಲಿಸುವುದು ಯಾರ ಜೊತೆ? (ಕಲಬುರಗಿ)

ಒಳ್ಳೆಯ ಪ್ರಶ್ನೆ, ಕಷ್ಟದ್ದು. ತಿಂಗಳಿಗೆ 2,000 ರೂಪಾಯಿಯ ಈ ಯೋಜನೆ 2023ರ ಆಗಸ್ಟ್ 30ರಂದು ರಾಜ್ಯಕ್ಕೆಲ್ಲ ಒಟ್ಟಿಗೆ ಶುರುವಾಯಿತು. ಹೊರಗುಳಿದವರು ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವ ಕುಟುಂಬದವರು. ಅವರನ್ನು ಬಡವರ ಜೊತೆ ಹೋಲಿಸುವಂತಿಲ್ಲ. ಹಣ ಸಿಕ್ಕವರನ್ನು ಪಕ್ಕದ ಮನೆಯ ಸಿಗದವರ ಜೊತೆ ಹೋಲಿಸುವುದೂ ಮೋಸ, ಏಕೆಂದರೆ ಆ ಹಣ ಅದೇ ಊರಿನ ಕಿರಾಣಿ ಅಂಗಡಿಗೆ, ದರ್ಜಿಗೆ ಹೋಗುತ್ತದೆ. ಕೀನ್ಯಾದ ಸಿಯಾಯಾ ಕೌಂಟಿಯ 653 ಹಳ್ಳಿಗಳಲ್ಲಿ ಬಡ ಕುಟುಂಬಕ್ಕೆ ತಲಾ ಸುಮಾರು 1,000 ಡಾಲರ್ ಕೊಟ್ಟು ಪರೀಕ್ಷಿಸಿದಾಗ ಹಣ ಸಿಗದ ಮನೆಗಳ ಖರ್ಚೂ ಏರಿತ್ತು. ಕೊಟ್ಟ ಒಂದು ಡಾಲರಿಗೆ ಅಲ್ಲಿಯ ವ್ಯವಹಾರ ಸುಮಾರು ಎರಡೂವರೆ ಡಾಲರಿನಷ್ಟು ಬೆಳೆದಿತ್ತು. ಆ ಸಂಶೋಧಕರು ಸುತ್ತಮುತ್ತ ಹೆಚ್ಚು ಹಳ್ಳಿಗಳಿಗೆ ಹಣ ಹೋದ ಪ್ರದೇಶಗಳನ್ನು ಕಡಿಮೆ ಹಳ್ಳಿಗಳಿಗೆ ಹೋದ ಪ್ರದೇಶಗಳ ಜೊತೆ ಹೋಲಿಸಿದ್ದರಿಂದ ಇದು ಕಂಡಿತು.

ಹಾಗಾದರೆ ಉಳಿಯುವುದು ರಾಜ್ಯದ ಗಡಿ. ಅದೃಷ್ಟಕ್ಕೆ ಕೇಂದ್ರದ ಗೃಹ ಬಳಕೆ ವೆಚ್ಚ ಸಮೀಕ್ಷೆ ಎರಡು ವರ್ಷ ಬೆನ್ನು ಬೆನ್ನಿಗೆ ನಡೆಯಿತು. ಒಂದು 2022ರ ಆಗಸ್ಟ್‌ನಿಂದ 2023ರ ಜುಲೈ ತನಕ, ಇನ್ನೊಂದು 2023ರ ಆಗಸ್ಟ್‌ನಿಂದ 2024ರ ಜುಲೈ ತನಕ. ಯೋಜನೆ ಸರಿಯಾಗಿ ಎರಡನೆಯದರ ಆರಂಭಕ್ಕೆ ಬರುತ್ತದೆ. ಮನೆಮನೆಯ ದತ್ತಾಂಶ ಹೆಸರಿಲ್ಲದೆ ಯಾರಿಗೆ ಬೇಕಾದರೂ ಸಿಗುತ್ತದೆ. ಕರ್ನಾಟಕದ ಏರಿಕೆಯಿಂದ ನೆರೆ ರಾಜ್ಯದ ಏರಿಕೆಯನ್ನು ಕಳೆಯಿರಿ, ಮೇಲೆ ಧಾರವಾಡದವರಿಗೆ ಹೇಳಿದ ಹಾಗೆ.

ನೆರೆ ಯಾವುದು ಎಂಬಲ್ಲಿ ಎಚ್ಚರ. ತಮಿಳುನಾಡು 2023ರ ಸೆಪ್ಟೆಂಬರ್‌ನಲ್ಲೇ ಹೆಂಗಸರಿಗೆ ತಿಂಗಳಿಗೆ 1,000 ರೂಪಾಯಿ ಶುರು ಮಾಡಿದೆ, ಅದು ಹೋಲಿಕೆಗೆ ಆಗದು. ಮಹಾರಾಷ್ಟ್ರದ 1,500 ರೂಪಾಯಿಯ ಯೋಜನೆ 2024ರ ಜುಲೈನಿಂದ ಲೆಕ್ಕ, ಆದ್ದರಿಂದ ಎರಡನೇ ಸುತ್ತಿನ ಜೂನ್ ತನಕದ ಮನೆಗಳನ್ನಷ್ಟೇ ಇಟ್ಟುಕೊಂಡರೆ ಅದು ನಡೆಯುತ್ತದೆ. ಜಿಲ್ಲೆಯ ಮಟ್ಟಕ್ಕೆ ಇಳಿಯಬೇಡಿ, ಅಷ್ಟಕ್ಕೆ ಸ್ಯಾಂಪಲ್ ಸಾಲದು. ಸಿಕ್ಕ ಅಂತರವನ್ನು ಗೃಹಲಕ್ಷ್ಮಿಯದು ಎಂದೂ ಬರೆಯಬೇಡಿ. ಉಚಿತ ಬಸ್ಸು, ವಿದ್ಯುತ್, ಅಕ್ಕಿಯ ಬದಲಿನ ಹಣ ಎಲ್ಲವೂ 2023ರ ಜೂನ್‌ನಿಂದ ಆಗಸ್ಟ್ ಒಳಗೇ ಬಂದಿವೆ, ಒಂದರಿಂದ ಒಂದನ್ನು ಬಿಡಿಸಲು ಈ ದತ್ತಾಂಶದಲ್ಲಿ ದಾರಿಯಿಲ್ಲ. ‘ಗ್ಯಾರಂಟಿಗಳು ಎಲ್ಲ ಸೇರಿ’ ಎಂದು ಬರೆಯಿರಿ. ಹಣ ತಡವಾಗಿ ಜಮೆಯಾದ ತಿಂಗಳುಗಳ ಪಟ್ಟಿ ಕೈಯಲ್ಲಿದ್ದರೆ, ಆ ತಿಂಗಳಲ್ಲಿ ಸಮೀಕ್ಷೆಯಾದ ಮನೆಗಳನ್ನು ಬೇರೆಯಾಗಿ ಗುರುತಿಸಿಟ್ಟು ನೋಡಿ.